ಮುಚ್ಚಳದೊಳಗಣ ಧರ್ಮ

ಮನುಷ್ಯನು ಮತ್ತೊಬ್ಬನಿಗಾಗಿ ಮಾಡಿಕೊಡುವ ಕೆಲಸಗಳನ್ನು ಎರಡು ಬಗೆಯಾಗಿ ವಿಂಗಡಿಸಬಹುದು. ಮಾಡಿಸಿಕೊಂಡವನು ತಾನೇ ಪರೀಕ್ಷಿಸಿ ಇದು ಒಳ್ಳೆಯದು, ಇದು ಕೆಟ್ಟದ್ದು ಎಂದು ತಿಳಿಯಬಲ್ಲ ಕೆಲಸಗಳು ಮೊದಲನೆಯ ಬಗೆಯವು. ಮಾಡಿದವನಿಗೆ ಮಾತ್ರ ತಿಳಿದಿದ್ದು, ಮಾಡಿಸಿಕೊಂಡವನಿಗೆ ಕಾಣದಿರುವ ಕೆಲಸಗಳು ಎರಡನೆಯ ಬಗೆಯವು. ಅಡಿಗೆಯವನು ಉಪ್ಪನ್ನು ಮರೆತರೆ ಮೊದಲನೆಯ ತುತ್ತಿನಲ್ಲಿಯೇ ಗೊತ್ತಾಗುತ್ತದೆ; ದರ್ಜಿಯು ತೋಳನ್ನು ಗಿಡ್ಡವಾಗಿ ಕತ್ತರಿಸಿದ್ದರೆ ಅಂಗಿಯನ್ನು ತೊಟ್ಟೊಡನೆ ಗೊತ್ತಾಗುತ್ತದೆ. ಆದರೆ ಮನೆಯ ಅಸ್ತಿಭಾರದೊಳಗೆ ಎಂತಹ ಕಲ್ಲು ಬಿದ್ದಿದೆಯೆಂಬುದು ಯಜಮಾನನಿಗೆ ತಿಳಿಯುವುದಿಲ್ಲ; ವೈದ್ಯನು ಭಸ್ಮಕ್ಕೆ ಶಾಸ್ತ್ರೋಕ್ತವಾದ ಪುಟಗಳನ್ನೆಲ್ಲ ಕೊಟ್ಟನೋ ಇಲ್ಲವೋ ಎಂಬುದು ರೋಗಿಗೆ ತಿಳಿಯುವುದಿಲ್ಲ. ಮೊದಲನೆಯ ಬಗೆಯ ಕೆಲಸಗಳನ್ನು ಕಾಯುವುದಕ್ಕೆ ಕಣ್ಣು ನಾಲಗೆಗಳಿವೆ. ಎರಡನೆಯ ಬಗೆಯವನ್ನು ಕಾಯತಕ್ಕವರು ಯಾರು? ಧರ್ಮವಿಚಾರದಲ್ಲಿ ಇದು ಸಣ್ಣ ಪ್ರಶ್ನೆಯಲ್ಲ.

ಈ ಪ್ರಶ್ನೆಯನ್ನು ವಿಚಾರಮಾಡುವುದಕ್ಕೆ, ಕೀಲಿ ಕೊಟ್ಟು ನಡೆಯಿಸುವ ಕೈಗಡಿಯಾರದ ರಿಪೇರಿಗಿಂತ ಉತ್ತಮವಾದ ಉದಾಹರಣೆಯು ದೊರೆಯುವುದು ಕಷ್ಟ. ನಮ್ಮ ಪೂರ್ವಿಕರ ಘಟಿಕಾಪಾತ್ರೆಯಲ್ಲಿ ಮುಚ್ಚುಮರೆಯಾದುದು ಏನೂ ಇರಲಿಲ್ಲ. ತಳದಲ್ಲಿ ಸಣ್ಣ ರಂಧ್ರವುಳ್ಳ ತಾಮ್ರದ ಬಟ್ಟಲು ನೀರಿನ ಮೇಲೆ ತೇಲುತ್ತಿದ್ದು, ೨೪ ನಿಮಿಷಗಳಿಗೆ ಸರಿಯಾದ ಒಂದು ಘಳಿಗೆಯಲ್ಲಿ ತುಂಬಿ ಮುಳುಗುತ್ತಿದ್ದಿತು. ರಂಧ್ರದಲ್ಲಿ ಕಸ ಕಟ್ಟಿದ್ದರೆ ನೋಡಿದವರಿಗೆಲ್ಲ ಕಾಣುತ್ತಿದ್ದಿತು. ಕೈಗಡಿಯಾರದ ಸ್ಥಿತಿ ಹಾಗಲ್ಲ. ಅದರ ಬೆನ್ನಿನ ಮುಚ್ಚಳವನ್ನು ತೆರೆಯುವವನು ರಿಪೇರಿಯವನು, ಮುಚ್ಚುವವನೂ ಅವನೇ. ಮಧ್ಯದಲ್ಲಿ ನಡೆದ ಸಮಸ್ತ ವ್ಯಾಪಾರವೂ ಅವನ ಒಂದು ಕಣ್ಣಿಗೆ ಸಿಕ್ಕಿಸಿದ ಭೂತಗನ್ನಡಿಯ ಕೆಳಗೆ ನಡೆದುದಾಗಿರುತ್ತದೆ. ಗಡಿಯಾರದ ಒಡೆಯನು ಅಂಗಡಿಯ ಕಟ್ಟೆಯ ಮೇಲೆಯೇ ಕುಳಿತಿದ್ದರೂ ನೋಡಿದ ಹಾಗಲ್ಲ.

ಒಳಗಿರುವುದೇನೆಂಬುದನ್ನು ಸಂಗ್ರಹವಾಗಿ ತಿಳಿಯುವುದು ಆವಶ್ಯಕ. ಒಂದು ಸಣ್ಣ ಡಬ್ಬಿಯೊಳಗೆ ಉಕ್ಕಿನ ಪಟ್ಟಿಯನ್ನು ಸುರುಳಿಯಾಗಿ ಸುತ್ತಿಟ್ಟಿರುತ್ತದೆ. ಕೀಲಿ ಕೊಟ್ಟಾಗ ಅದು ಬಿಗಿಯುತ್ತದೆ. ಬಳಿಕ ಬಿಚ್ಚಿಕೊಳ್ಳಲು ಯತ್ನಿಸುತ್ತ ಹಲ್ಲಿನ ಚಕ್ರಗಳ ಸಾಲನ್ನು ತಿರುಗಿಸುತ್ತದೆ. ತಡೆಯಿಲ್ಲದಿದ್ದರೆ ಈ ಚಕ್ರಗಳು ಒಂದೇ ಉಸುರಿಗೆ ತಿರುಗಿ ಬಲವೆಲ್ಲ ವ್ಯರ್ಥವಾಗುತ್ತಿದ್ದಿತು. ಹಾಗಾಗದಂತೆ ಸಾಲಿನ ಕೊನೆಯಲ್ಲಿ ಕವೆಯಾಕಾರದ ಒಂದು ಸನ್ನೆಯಿದ್ದು, ಒಂದೊಂದು ಸಲಕ್ಕೆ ಒಂದೊಂದೇ ಹಲ್ಲನ್ನು ಬಿಡುತ್ತದೆ. ಆ ಕವೆಗೆ ಅಪ್ಪಣೆ ಕೊಡುವುದು ತುಲಾಚಕ್ರ. ಕೂದಲೆಳೆಯಂತಹ ಉಕ್ಕಿನ ಸುರುಳಿಯೊಂದು ಆ ಚಕ್ರವನ್ನು ಅತ್ತಲೂ ಇತ್ತಲೂ ತೂಗುತ್ತದೆ. ಈ ಸುರುಳಿಯನ್ನು ಅಳವಡಿಸಿದ ಗಡಿಯಾರವನ್ನು ಹಾಲೆಂಡಿನ ಪಂಡಿತನಾದ ಕ್ರಿಸ್ಟಿಯಾನ್ ಹೈಗೆನ್ಸನು ೧೬೭೫ರಲ್ಲಿ ಪ್ರಕಟಪಡಿಸಿದನು. ಅದು ಮೊದಲು ತನಗೆ ಹೊಳೆದುದೆಂದು ಇಂಗ್ಲೆಂಡಿನ ರಾಬರ್ಟ್ ಹೂಕನು ವಾದ ಹೂಡಿದನು. ಚಕ್ರಗಳ ಅಚ್ಚುಗಳು ಸವೆಯದಂತೆ ಕೊರೆದ ಕೆಂಪುಕಲ್ಲುಗಳಲ್ಲಿ ಅವುಗಳನ್ನು ಕೂರಿಸುವ ಉಪಾಯಕ್ಕೆ ಲಂಡನ್ನಿನಲ್ಲಿ ೧೭೦೪ರಲ್ಲಿ ಸರಕಾರದ ಸನ್ನದು ದೊರೆಯಿತು.

ಹಳೆಯ ಮಾದರಿಯ ಕೈಗಡಿಯಾರಗಳಲ್ಲಿ ತುಲಾಚಕ್ರವು ಸಾಮಾನ್ಯವಾಗಿ ಗಂಟೆಗೆ ೧೮,೦೦೦ ಸಲ ತೂಗುತ್ತದೆ. ಹಗಲಿರುಳು ಸೇರಿ ಇದು ೪,೩೨,೦೦೦ ಆಗುತ್ತದೆ. ಕಲಿಯುಗದ ವರ್ಷಸಂಖ್ಯೆಯೂ ಇಷ್ಟೇ ಎಂಬುದು ಕಾಕತಾಳೀಯವಾದರೂ, ಪಂಚಾಂಗ ಬಲ್ಲವರಿಗೆ ಮುಗುಳುನಗೆಯನ್ನು ತರತಕ್ಕದ್ದು. ಒಂದು ವರ್ಷಕ್ಕೆ ಈ ಸಂಖ್ಯೆಯು ೧೫ ಕೋಟಿ ೭೬ ಲಕ್ಷ ೮೦ ಸಾವಿರವನ್ನು ಮುಟ್ಟುತ್ತದೆ. ಇಷ್ಟೆಲ್ಲ ಹೊಯ್ದಾಟವನ್ನು ಹೊರುವ ಅಚ್ಚಿನ ತುದಿಯಾದರೋ ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟು. ತಲೆಗೂದಲಿಗಿಂತ ತುಸುವೇ ದಪ್ಪ. ಗಡಿಯಾರವು ದಿನಕ್ಕೆ ೧೦ ಸೆಕೆಂಡು ತಪ್ಪಿದರೆ ಜನರು ಗೊಣಗುತ್ತಾರೆ. ದಿನದಲ್ಲಿ ೮೬,೪೦೦ ಸೆಕೆಂಡುಗಳಿರುವುದರಿಂದ, ಅದು ೮,೬೪೦ರಲ್ಲಿ ಒಂದು ಪಾಲು ಮಾತ್ರ ತಪ್ಪಿತೆಂದು ಆಯಿತು. ಮನುಷ್ಯರಲ್ಲಿ ಯಾರ ಮಾತೂ ನಡತೆಯೂ ಇಷ್ಟು ಸಮೀಪಕ್ಕೆ ಬಂದೀತು!

ಇಂತಹ ಯಂತ್ರವು ನಿಂತುಹೋದಾಗ ಬಲ್ಲವನು ಮಾಡತಕ್ಕ ಕ್ರಮವೇ ಬೇರೆ. ಮೊದಲು ಸುರುಳಿಯಲ್ಲಿ ಉಳಿದಿರುವ ಬಲವನ್ನು ಮೆಲ್ಲಮೆಲ್ಲನೆ ಇಳಿಸಬೇಕು. ಬಿಗಿಯಾಗಿರುವಾಗಲೇ ಕವೆಯನ್ನು ತೆಗೆದರೆ ಚಕ್ರಗಳು ಹುಚ್ಚೆದ್ದು ತಿರುಗಿ ಅಚ್ಚುಗಳು ಮುರಿಯಬಹುದು. ಬಳಿಕ ತುಲಾಚಕ್ರ, ಕವೆ, ಸೇತುವೆಗಳು, ಚಕ್ರಗಳು ಎಂಬ ಕ್ರಮದಿಂದ ಒಂದೊಂದನ್ನೂ ಚಿಮಟದಿಂದೆತ್ತಿ ಬೇರೆಯಾಗಿಡಬೇಕು. ಪ್ರತಿಯೊಂದನ್ನೂ ತೊಳೆದು, ಕೆಂಪುಕಲ್ಲಿನ ರಂಧ್ರಗಳನ್ನು ಚೂಪು ಮಾಡಿದ ಮೃದುವಾದ ಮರದ ಕಡ್ಡಿಯಿಂದ ತಿರುವಿ ತಿರುವಿ, ಕಡ್ಡಿಯ ತುದಿಯು ಬೆಳ್ಳಗೆ ಹೊರಬರುವವರೆಗೂ ಉಜ್ಜಬೇಕು. ಸವೆದುದು ಯಾವುದು, ಬಾಗಿದುದು ಯಾವುದು ಎಂದು ನೋಡಬೇಕು. ಮರಳಿ ಕೂಡಿಸುವಾಗ ಎಣ್ಣೆಯನ್ನು ತಂತಿಯ ತುದಿಯಲ್ಲಿ ಎತ್ತಿ, ಬೇಕಾದ ಕಡೆ ಬೇಕಾದಷ್ಟೇ ಇಡಬೇಕು. ಹೆಚ್ಚಾದರೆ ಅದು ಹರಿದುಹೋಗಿ ಇರಬೇಕಾದ ಕಡೆಯೇ ಇಲ್ಲವಾಗುತ್ತದೆ. ಕೂದಲೆಳೆಯ ಸುರುಳಿಗೆ ತಗುಲಿತೆಂದರೆ ಸುತ್ತುಗಳು ಒಂದಕ್ಕೊಂದು ಅಂಟಿ ಗಡಿಯಾರವು ಮುಂದೋಡುತ್ತದೆ. ಎಲ್ಲವೂ ಮುಗಿದ ಮೇಲೆ ಮುಖ ಮೇಲಾಗಿ, ಮುಖ ಕೆಳಗಾಗಿ, ಪಕ್ಕಗಳ ಮೇಲೆ ನಿಲ್ಲಿಸಿ, ಹೀಗೆ ಹಲವು ಭಂಗಿಗಳಲ್ಲಿ ನಡಿಗೆಯನ್ನು ಪರೀಕ್ಷಿಸಬೇಕು. ಇದಕ್ಕೆ ಗಂಟೆಗಟ್ಟಲೆಯ ಕೆಲಸವೂ ದಿನಗಟ್ಟಲೆಯ ಕಾಯುವಿಕೆಯೂ ಹಿಡಿಯುತ್ತದೆ.

ಇದಕ್ಕೆ ಪ್ರತಿಯಾಗಿ ಒಂದು ಅಡ್ಡದಾರಿಯೂ ಉಂಟು. ಗಡಿಯಾರದ ಒಡಲನ್ನು ಬಿಚ್ಚದೆಯೇ ಇಡಿಯಾಗಿ ಪೆಟ್ರೋಲಿನಲ್ಲಿ ಅದ್ದಿ ಅಲ್ಲಾಡಿಸಿ, ಗಾಳಿಯೂದಿ ಒಣಗಿಸಿ, ಮೇಲೆ ನಾಲ್ಕಾರು ಕಡೆ ಎಣ್ಣೆಯ ಹನಿ ಬಿಟ್ಟು ಮುಚ್ಚಿಬಿಡುವುದು. ಹಿತ್ತಾಳೆಯ ರಂಧ್ರವು ಸವೆದು ಅಗಲವಾಗಿದ್ದರೆ, ಹೊಸ ಬಳೆಯನ್ನು ಕೂರಿಸುವ ಬದಲು ರಂಧ್ರದ ಸುತ್ತಲೂ ಮೊನೆಯುಳಿಯಿಂದ ಹೊಡೆದು ಲೋಹವನ್ನು ಒಳಕ್ಕೆ ತಳ್ಳಿಬಿಡುವುದು. ಇಷ್ಟು ಮಾಡಿದರೂ ಗಡಿಯಾರವು ನಡೆಯುತ್ತದೆ! ಟಿಕ್ ಟಿಕ್ ಎಂಬ ಶಬ್ದವು ಎರಡು ದಾರಿಯಲ್ಲಿಯೂ ಒಂದೇ. ಅರ್ಧ ಗಂಟೆಯ ಕೆಲಸಕ್ಕೂ ಅರ್ಧ ದಿನದ ಕೆಲಸಕ್ಕೂ ಇರುವ ಅಂತರವು ಒಡೆಯನ ಕಿವಿಗೆ ಬೀಳುವುದಿಲ್ಲ. ಮೇಲೆ ಥಳಕು, ಒಳಗೆ ಹುಳುಕು ಎಂಬ ಗಾದೆಯನ್ನು ಹೇಳುವುದಕ್ಕೂ ಒಳಗು ಕಂಡಿರಬೇಕಷ್ಟೆ.

ಇಲ್ಲಿಯೇ ಸಂಶಯವು ಹುಟ್ಟುವುದು. ಯಾರಿಗೂ ಕಾಣದ, ಯಾರೂ ಕೇಳದ, ಹಣವನ್ನೂ ತರದ ಆ ಹೆಚ್ಚಿನ ಪರಿಶ್ರಮವು ಕರ್ತವ್ಯವೋ, ಅಥವಾ ಕೇವಲ ಕುಶಲಿಯ ಅಭಿಮಾನವೋ?

ಪೂರ್ವಪಕ್ಷವನ್ನು ದುರ್ಬಲವಾಗಿ ಹೇಳಿ ಗೆಲ್ಲುವುದು ನ್ಯಾಯವಲ್ಲ. ಆದುದರಿಂದ ಅದನ್ನು ಬಲವಾಗಿಯೇ ಹೇಳೋಣ. ಗಡಿಯಾರವನ್ನು ತಂದವನು ಕೇಳಿದುದು ಅದು ನಡೆಯಬೇಕೆಂದು ಮಾತ್ರ. ನಡೆಯುವಂತೆ ಮಾಡಿಕೊಟ್ಟ ಮೇಲೆ ಒಪ್ಪಂದವು ನೆರವೇರಿತು. ಕೇಳದ ಕೆಲಸವನ್ನು ಮಾಡಿ ಅದಕ್ಕೂ ಹಣ ಕೇಳಿದರೆ, ತನ್ನ ವಿದ್ಯೆಯ ಹೆಮ್ಮೆಗೆ ಮತ್ತೊಬ್ಬನ ಜೇಬಿನಿಂದ ದಕ್ಷಿಣೆ ಕೊಡಿಸಿದಂತಾಗುತ್ತದೆ. ಹಣ ಕೇಳದೆ ಮಾಡಿದರೆ ರಿಪೇರಿಯವನ ಹೆಂಡತಿ ಮಕ್ಕಳ ಅನ್ನವನ್ನು ಕಿತ್ತು ಅಪರಿಚಿತನ ಗಡಿಯಾರಕ್ಕೆ ಬಡಿಸಿದಂತಾಗುತ್ತದೆ. ಗಡಿಯಾರ ತಂದವನು ಬಡವನಾಗಿದ್ದರಂತೂ, ಅಗ್ಗದ ಕೆಲಸವೇ ಅವನಿಗೆ ಉಪಕಾರ. ಇಷ್ಟಕ್ಕೂ ಗಡಿಯಾರವೆಂಬುದು ದೇವರ ವಿಗ್ರಹವೇ? ಅದು ಒಂದು ಉಪಕರಣ. ನಡೆದಷ್ಟು ದಿನ ನಡೆದು ಬಳಿಕ ಬಿದ್ದುಹೋಗಲಿ.

ಈ ವಾದದಲ್ಲಿ ಸತ್ಯಾಂಶವಿಲ್ಲದೆ ಇಲ್ಲ. ಪರಿಶ್ರಮವು ಹೆಚ್ಚಾದ ಮಾತ್ರಕ್ಕೆ ಧರ್ಮವೂ ಹೆಚ್ಚಾಗುವುದಿಲ್ಲ. ಆದರೆ ವಾದದ ಬುಡದಲ್ಲಿರುವ ಒಂದು ಪದವು ಪರೀಕ್ಷೆಗೆ ನಿಲ್ಲುವುದಿಲ್ಲ. ಆ ಪದವು 'ನಡೆಯುವುದು' ಎಂಬುದು. ಅಡ್ಡದಾರಿಯಲ್ಲಿ ರಿಪೇರಿಯಾದ ಗಡಿಯಾರವು ನಿಜವಾಗಿ ಏನು ಮಾಡುತ್ತಿದೆ? ಹಳೆಯ ಎಣ್ಣೆಯ ಜಿಡ್ಡಿನಲ್ಲಿ ಧೂಳೂ ಲೋಹದ ಕಣಗಳೂ ಸೇರಿ ಸಾಣೆಯ ಪುಡಿಯಂತಾಗಿರುತ್ತವೆ. ಬಿಚ್ಚದೆ ಅದ್ದಿದಾಗ ಆ ಪುಡಿಯು ಸ್ವಲ್ಪ ಸಡಿಲವಾಗಿ ಅಲ್ಲಿಂದಿಲ್ಲಿಗೆ ಸರಿಯುತ್ತದೆಯೇ ಹೊರತು ಹೊರಕ್ಕೆ ಹೋಗುವುದಿಲ್ಲ. ಅದರ ಮೇಲೆ ಹೊಸ ಎಣ್ಣೆ ಬಿದ್ದಾಗ ಚಕ್ರಗಳು ಹಗುರಾಗಿ ತಿರುಗುತ್ತವೆ. ತಿರುಗುತ್ತ ತಿರುಗುತ್ತ ತಮ್ಮ ಅಚ್ಚುಗಳನ್ನು ತಾವೇ ಅರೆದುಕೊಳ್ಳುತ್ತವೆ. ಹೀಗಿರಲಾಗಿ, ಅದು ನಡೆಯುತ್ತಿದೆಯೆಂಬ ಮಾತಿಗೂ ಸವೆಯುತ್ತಿದೆಯೆಂಬ ಮಾತಿಗೂ ಅರ್ಥದಲ್ಲಿ ಭೇದವಿಲ್ಲ. ಎರಡು ಮೂರು ವರ್ಷಗಳ ಬಳಿಕ ಅಚ್ಚು ಕೆಟ್ಟು ಗಡಿಯಾರವು ನಿಂತಾಗ ಒಡೆಯನು 'ಹಳೆಯದಾಯಿತು' ಎಂದುಕೊಳ್ಳುತ್ತಾನೆ. 'ಕೆಡಿಸಲ್ಪಟ್ಟಿತು' ಎಂದು ಅವನಿಗೆ ಹೊಳೆಯುವುದಿಲ್ಲ. ಜೇಬಿನಿಂದ ಈಗಲೇ ಹತ್ತು ರೂಪಾಯಿ ತೆಗೆದವನನ್ನು ಕಳ್ಳನೆನ್ನುತ್ತೇವೆ. ಮೂರು ವರ್ಷಗಳ ಮೇಲೆ ಆಗುವ ನಷ್ಟವನ್ನು ಈ ದಿನವೇ ಒಳಗಿಟ್ಟು ಮುಚ್ಚಿದವನು ಕಾಲವನ್ನೇ ತನ್ನ ಮರೆಗೆ ನಿಲ್ಲಿಸಿಕೊಂಡಿದ್ದಾನೆಂಬುದಷ್ಟೇ ವಿಶೇಷ.

ಹಾಗಾದರೆ ಬಡವನ ಗತಿಯೇನು? ಇದಕ್ಕೆ ಉತ್ತರವು ಸುಲಭ, ಆಚರಣೆಯು ಮಾತ್ರ ಕಷ್ಟ. ಧರ್ಮವು ಬೇಡುವುದು ಹೆಚ್ಚು ಕೆಲಸವನ್ನಲ್ಲ. ಆಡಿದುದಕ್ಕೂ ಮಾಡಿದುದಕ್ಕೂ ನಡುವೆ ಬಿರುಕಿಲ್ಲದಿರುವುದನ್ನು. 'ಈ ಹಣಕ್ಕೆ ಮುರಿದ ಸುರುಳಿಯನ್ನು ಮಾತ್ರ ಬದಲಾಯಿಸಿದೆ, ಒಳಗನ್ನು ತೊಳೆದಿಲ್ಲ, ಅನುಕೂಲವಾದಾಗ ತೊಳೆಯಿಸಿಕೊಳ್ಳಬೇಕು' ಎಂದು ಚೀಟಿಯಲ್ಲಿ ಬರೆದುಕೊಟ್ಟ ರಿಪೇರಿಯವನು ಅಲ್ಪವಾದ ಕೆಲಸವನ್ನು ಮಾಡಿಯೂ ನಿರ್ದೋಷಿ. ಅಷ್ಟೇ ಕೆಲಸವನ್ನು ಮಾಡಿ 'ಎಲ್ಲ ಸರಿಮಾಡಿದೆ' ಎಂದವನು ದೋಷಿ. ಕೈಗಳು ಮಾಡಿದುದು ಇಬ್ಬರಲ್ಲಿಯೂ ಒಂದೇ. ನಾಲಗೆಯು ಮಾಡಿದುದು ಬೇರೆ. ಇದರಲ್ಲಿ ಇನ್ನೊಂದು ಸೂಕ್ಷ್ಮವೂ ಉಂಟು. ತೊಳೆಯದೆ ಬಿಟ್ಟುದನ್ನು ನಾಳೆ ತೊಳೆಯಬಹುದು. ಅದನ್ನು ಒಡೆಯನ ಇಚ್ಛೆಗೆ ಬಿಡಬಹುದು. ಆದರೆ ಉಳಿಯಿಂದ ಹೊಡೆದು ವಿಕಾರ ಮಾಡಿದ ರಂಧ್ರವು ಮೊದಲಿನಂತಾಗುವುದಿಲ್ಲ. ತಿದ್ದಲಾಗದ ಕೆಡುಕನ್ನು ಒಡೆಯನು ಒಪ್ಪಿದರೂ ಕುಶಲಿಯು ಒಪ್ಪಬೇಕಾದುದಿಲ್ಲ. ಈ ದಿನದ ಒಡೆಯನು ಅದರ ಕಟ್ಟಕಡೆಯ ಒಡೆಯನೆಂದು ಯಾರು ಬಲ್ಲರು? ಅಜ್ಜನ ಗಡಿಯಾರವು ಮೊಮ್ಮಗನ ಕೈಗೆ ಬರುವುದು ಅನೇಕ ಮನೆಗಳಲ್ಲಿ ನಡೆಯುವ ಸಂಗತಿಯೇ.

ಇನ್ನು ಮುರಿದ ಅಂಗಕ್ಕೆ ಪ್ರತಿಯಾಗಿ ಏನನ್ನು ಹಾಕಬೇಕೆಂಬ ಪ್ರಶ್ನೆ. ಇದಕ್ಕೆ ನಮ್ಮ ಪೂರ್ವಮೀಮಾಂಸಕರು ಯಜ್ಞದ ಪ್ರಸಂಗದಲ್ಲಿ ಆಳವಾಗಿ ವಿಚಾರಮಾಡಿಟ್ಟಿರುವ ಪ್ರತಿನಿಧಿನ್ಯಾಯವು ಬಹಳವಾಗಿ ಒದಗಿಬರುತ್ತದೆ. ಜೈಮಿನಿಯ ಸೂತ್ರಗಳ ಆರನೆಯ ಅಧ್ಯಾಯದಲ್ಲಿ ಈ ವಿಷಯವಿದೆ. ವಿಹಿತವಾದ ದ್ರವ್ಯವು ದೊರೆಯದಿದ್ದರೆ ಅದಕ್ಕೆ ಹೋಲುವ ಮತ್ತೊಂದನ್ನು ತೆಗೆದುಕೊಳ್ಳಬಹುದು. ಸೋಮಲತೆಯು ಸಿಗದಿದ್ದರೆ ಪೂತೀಕವೆಂಬ ಬಳ್ಳಿಯುಂಟು. ಪ್ರತಿನಿಧಿಯಾಗಿ ತಂದುದೂ ನಷ್ಟವಾದರೆ ಮುಂದೆ ಯಾವುದನ್ನು ಹುಡುಕಬೇಕು? ಪ್ರತಿನಿಧಿಯನ್ನು ಹೋಲುವುದನ್ನಲ್ಲ, ಮೊದಲಿನ ಮುಖ್ಯದ್ರವ್ಯವನ್ನು ಹೋಲುವುದನ್ನು ಎಂಬುದು ಸಿದ್ಧಾಂತ. ಗಡಿಯಾರದ ಕೆಲಸದಲ್ಲಿ ಇದಕ್ಕಿಂತ ಒಳ್ಳೆಯ ನಿಯಮವಿಲ್ಲ. ಹಿಂದಿನ ರಿಪೇರಿಯವನು ದಪ್ಪವಾದ ಅಚ್ಚನ್ನು ತುರುಕಿಹೋಗಿದ್ದರೆ, ಅದು ಮುರಿದಾಗ ಅದರ ಅಳತೆಗೇ ಇನ್ನೊಂದನ್ನು ಕಡೆಯುವುದು ತಪ್ಪು. ಮೊದಲು ಮಾಡಿದವನ ಅಳತೆ ಏನಿದ್ದಿತೆಂದು ಕಲ್ಲಿನ ರಂಧ್ರವನ್ನೂ ಚಕ್ರದ ನಡುವನ್ನೂ ಕೇಳಿ ತಿಳಿದು, ಉಕ್ಕನ್ನು ಕೆಂಪಗೆ ಕಾಯಿಸಿ ಅದ್ದಿ ಗಡುಸು ಮಾಡಿ, ಮತ್ತೆ ನೀಲಿಯ ಬಣ್ಣ ಬರುವವರೆಗೆ ಹದವಾಗಿ ಕಾಯಿಸಿ, ಚಿಕ್ಕ ಲೇತಿನ ಮೇಲೆ ಕಡೆಯಬೇಕು. ಹಾಗೆ ಮಾಡದೆ ತಪ್ಪಿನ ಮೇಲೆ ತಪ್ಪನ್ನು ಅಳೆಯುತ್ತ ಹೋದರೆ, ಮೂರನೆಯ ತಲೆಮಾರಿಗೆ ಮೂಲದ ಗುರುತೇ ಉಳಿಯುವುದಿಲ್ಲ. ಗಡಿಯಾರದಲ್ಲಿ ಮಾತ್ರವೇ ಏಕೆ? ಆಚಾರದಲ್ಲಿಯೂ ವಿದ್ಯೆಯಲ್ಲಿಯೂ ಇದೇ ನಡೆದಿರುವುದನ್ನು ಕಾಣಬಹುದು.

ಅದೇ ಶಾಸ್ತ್ರಕಾರರು ಯಾವುದಕ್ಕೆ ಪ್ರತಿನಿಧಿಯಿಲ್ಲವೆಂಬುದನ್ನೂ ಹೇಳಿದ್ದಾರೆ. ದೇವತೆಗೆ, ಅಗ್ನಿಗೆ, ಮಂತ್ರಕ್ಕೆ, ಕ್ರಿಯೆಗೆ ಬದಲು ಇಲ್ಲ, ಯಜಮಾನನಿಗೂ ಇಲ್ಲ. ದ್ರವ್ಯವನ್ನು ಬದಲಾಯಿಸಬಹುದು, ಮಾಡತಕ್ಕ ಕ್ರಿಯೆಯನ್ನೇ ಬದಲಾಯಿಸುವಂತಿಲ್ಲ. ಮೂಲದ ಚಕ್ರವು ದೊರೆಯದಿದ್ದರೆ ಬೇರೊಂದು ಚಕ್ರವು ಬರಬಹುದು. ತೊಳೆಯುವುದಕ್ಕೆ ಬದಲಾಗಿ ಅದ್ದುವುದು ಬರಲಾರದು. ಪರೀಕ್ಷಿಸುವುದಕ್ಕೆ ಬದಲಾಗಿ ಕಿವಿಯ ಬಳಿ ಹಿಡಿದು ತಲೆದೂಗುವುದು ಬರಲಾರದು.

ಅಡ್ಡದಾರಿಯವನು ಕಡಮೆ ಮಾಡಿ ಕೆಡಿಸಿದರೆ, ಅತಿಮಾಡಿ ಕೆಡಿಸುವವನೂ ಒಬ್ಬನುಂಟು. ಹಳೆಯ ಗಡಿಯಾರದ ಕವಚವನ್ನು ಉಜ್ಜಿ ಉಜ್ಜಿ ಅಂಚುಗಳನ್ನೇ ಕರಗಿಸಿ, ಮುಖಬಿಲ್ಲೆಗೆ ಹೊಸ ಬಣ್ಣ ಬಳಿದು, ಮುಳ್ಳುಗಳನ್ನು ಬದಲಾಯಿಸಿ, ಕೊನೆಗೆ ಹೊಸದರಂತೆ ಮಾಡಿಕೊಡುತ್ತಾನೆ. ಜೀರ್ಣೋದ್ಧಾರವೆಂದರೆ ಜೀರ್ಣವಾದುದನ್ನು ಎತ್ತಿ ನಿಲ್ಲಿಸುವುದೇ ಹೊರತು, ಅದನ್ನು ಅಳಿಸಿ ಅದರ ಹೆಸರಿನಲ್ಲಿ ಮತ್ತೊಂದನ್ನು ನಿಲ್ಲಿಸುವುದಲ್ಲ. ಇಲ್ಲಿ ಇಂಗ್ಲೆಂಡಿನ ಒಂದು ವೃತ್ತಾಂತವು ಸ್ಮರಣೀಯ. ಸಮುದ್ರದ ಮೇಲೆ ರೇಖಾಂಶವನ್ನು ತಿಳಿಯುವ ಉಪಾಯಕ್ಕೆ ಅಲ್ಲಿನ ಪಾರ್ಲಿಮೆಂಟು ೧೭೧೪ರಲ್ಲಿ ೨೦,೦೦೦ ಪೌಂಡುಗಳವರೆಗಿನ ಬಹುಮಾನವನ್ನು ಸಾರಿದ್ದಿತು. ಬಡಗಿಯ ವೃತ್ತಿಯಲ್ಲಿ ಬೆಳೆದ ಜಾನ್ ಹ್ಯಾರಿಸನ್ ಎಂಬಾತನು ಅದಕ್ಕಾಗಿ ಆಯುಷ್ಯವನ್ನೆಲ್ಲ ಸವೆಯಿಸಿ ಒಂದಾದಮೇಲೊಂದು ಕಾಲಮಾಪಕಗಳನ್ನು ರಚಿಸಿದನು. ೧೭೫೯ರಲ್ಲಿ ಮುಗಿದ ನಾಲ್ಕನೆಯದು ೧೭೬೧ರಲ್ಲಿ ಜಮೈಕಾ ದ್ವೀಪಕ್ಕೆ ಹೊರಟ ಹಡಗಿನಲ್ಲಿ ಪರೀಕ್ಷೆಗೆ ಒಳಪಟ್ಟು ಕೆಲವೇ ಸೆಕೆಂಡುಗಳಷ್ಟು ತಪ್ಪಿತೆಂದು ಗಣಿಸಲ್ಪಟ್ಟಿತು. ಇಂತಹ ಯಂತ್ರಗಳು ಮುಂದೆ ಗ್ರೀನಿಚ್ಚಿನ ವೇಧಶಾಲೆಯಲ್ಲಿ ಕಿಲುಬು ಹಿಡಿದು ಬಿದ್ದಿದ್ದುವು. ೧೯೨೦ರಲ್ಲಿ ಅವುಗಳನ್ನು ಕಂಡ ರೂಪರ್ಟ್ ಗೌಲ್ಡ್ ಎಂಬ ನೌಕಾಧಿಕಾರಿಯು, ಗಡಿಯಾರದ ಕಸಬಿನಲ್ಲಿ ಹುಟ್ಟಿಬೆಳೆದವನಲ್ಲದಿದ್ದರೂ, ಸಂಬಳವಿಲ್ಲದೆ ಅವುಗಳ ಜೀರ್ಣೋದ್ಧಾರಕ್ಕೆ ಕೈಹಾಕಿ ೧೯೩೩ರವರೆಗೂ ಶ್ರಮಿಸಿದನು. ಕಂಡುದನ್ನೂ ಮಾಡಿದುದನ್ನೂ ಚಿತ್ರಸಹಿತವಾಗಿ ಟಿಪ್ಪಣಿ ಪುಸ್ತಕಗಳಲ್ಲಿ ಬರೆದಿಟ್ಟನು. ಮುಚ್ಚಳದೊಳಗೆ ನಡೆದುದನ್ನು ಮುಚ್ಚಳದ ಹೊರಗೆ ತಂದಿಡುವುದೆಂದರೆ ಇದು.

ಆ ಕಾಲಮಾಪಕಗಳು ಈಗಲೂ ಗ್ರೀನಿಚ್ಚಿನಲ್ಲಿವೆ. ಮೊದಲ ಮೂರನ್ನು ನಡೆಯಿಸುತ್ತಾರೆ. ಅವುಗಳಿಗೆ ಎಣ್ಣೆ ಬೇಡ. ನಾಲ್ಕನೆಯದಕ್ಕೆ ಎಣ್ಣೆ ಬೇಕು, ನಡೆಯಿಸಿದರೆ ಸವೆಯುತ್ತದೆ; ಆದುದರಿಂದ ನಡೆಯಬಲ್ಲುದಾದರೂ ನಿಲ್ಲಿಸಿಯೇ ಇಟ್ಟಿದ್ದಾರೆ. ಲೋಕದಲ್ಲಿ ಒಂದೇ ಆದ ವಸ್ತುವಿಗೆ ಇದು ಸಲ್ಲತಕ್ಕ ಮರ್ಯಾದೆ. ಆದರೆ ಮನೆಮನೆಯ ಗಡಿಯಾರಕ್ಕೆ ಈ ನಿಯಮವನ್ನು ಹಚ್ಚಿ ಪೆಟ್ಟಿಗೆಯಲ್ಲಿಟ್ಟು ಪೂಜಿಸುವುದು ಉಚಿತವಲ್ಲ. ನಿಂತ ಗಡಿಯಾರದಲ್ಲಿಯೂ ಎಣ್ಣೆಯು ಗಟ್ಟಿಯಾಗುತ್ತದೆ. ನಡೆಯುವುದೇ ಅದರ ಸ್ವಧರ್ಮ. ಸವೆತವು ಆ ಸ್ವಧರ್ಮಕ್ಕೆ ತೆರಬೇಕಾದ ಬೆಲೆ. ಆ ಬೆಲೆಯು ವೃಥಾ ಹೆಚ್ಚಾಗದಂತೆ ನೋಡಿಕೊಳ್ಳುವುದೇ ರಿಪೇರಿಯವನ ಕೆಲಸ.

ಈ ಕಾಲದಲ್ಲಿ ಇಷ್ಟೆಲ್ಲ ವಿಚಾರವೇತಕ್ಕೆಂದು ಕೇಳುವವರೂ ಇರಬಹುದು. ೧೯೬೯ರ ಡಿಸೆಂಬರಿನಲ್ಲಿ ಜಪಾನಿನ ಸೈಕೋ ಕಾರಖಾನೆಯವರು ಸ್ಫಟಿಕದ ಕಂಪನದಿಂದ ನಡೆಯುವ ಕೈಗಡಿಯಾರವನ್ನು ಮಾರಾಟಕ್ಕೆ ತಂದ ಮೇಲೆ, ಕರಾರುವಾಕ್ಕಾದ ವೇಳೆಯು ಅಗ್ಗವಾಯಿತು. ಈಗಿನ ಸಾಮಾನ್ಯ ಸ್ಫಟಿಕವು ಸೆಕೆಂಡಿಗೆ ೩೨,೭೬೮ ಸಲ ಕಂಪಿಸುತ್ತದೆ. ಐದು ಸಲ ತೂಗುವ ತುಲಾಚಕ್ರವು ಅದಕ್ಕೆ ಎಲ್ಲಿಯ ಸಾಟಿ? ನಮ್ಮ ನಾಡಿನಲ್ಲಿಯೂ ಇದರ ಪರಿಣಾಮವನ್ನು ಕಂಡಿದ್ದೇವೆ. ಬೆಂಗಳೂರಿನ ಎಚ್. ಎಂ. ಟಿ. ಕಾರಖಾನೆಯು ಜಪಾನಿನ ಸಿಟಿಜನ್ ಕಂಪನಿಯ ಸಹಕಾರದಿಂದ ೧೯೬೧ರಲ್ಲಿ ಕೈಗಡಿಯಾರಗಳ ತಯಾರಿಕೆಯನ್ನು ಆರಂಭಿಸಿ, ಕೀಲಿಯ 'ಜನತಾ' ಗಡಿಯಾರವನ್ನು ಮನೆಮನೆಗೆ ಮುಟ್ಟಿಸಿದ್ದಿತು. ೨೦೧೬ರಲ್ಲಿ ಕೇಂದ್ರ ಸರಕಾರವು ಅದರ ಗಡಿಯಾರ ವಿಭಾಗವನ್ನು ಮುಚ್ಚಲು ತೀರ್ಮಾನಿಸಿತು. ತಾಯಿಯು ಹೋದ ಮೇಲೆ ಮಕ್ಕಳನ್ನು ನೋಡಿಕೊಳ್ಳುವವರು ಊರೂರಿನ ರಿಪೇರಿಯವರೇ ಆದರು. ಅವರಲ್ಲಿ ಕೆಟ್ಟ ಗಡಿಯಾರಗಳಿಂದ ಅಂಗಗಳನ್ನು ಆಯ್ದು ಒಳ್ಳೆಯದನ್ನು ಉಳಿಸುವವರೂ ಇದ್ದಾರೆ. ಹತ್ತು ಗಡಿಯಾರಗಳ ತುಂಡುಗಳನ್ನು ಒಟ್ಟುಗೂಡಿಸಿ, ಮುಖಬಿಲ್ಲೆಗೆ ಬಣ್ಣ ಬಳಿದು, ಮೂಲದ್ದೆಂದು ಮಾರುವವರೂ ಇದ್ದಾರೆ. ಇಬ್ಬರೂ ಮಾಡುವುದು ಪ್ರತಿನಿಧಿಯ ಪ್ರಯೋಗವನ್ನೇ. ಒಬ್ಬನು ಪ್ರತಿನಿಧಿಯನ್ನು ಪ್ರತಿನಿಧಿಯೆಂದೇ ಹೇಳುತ್ತಾನೆ, ಇನ್ನೊಬ್ಬನು ಮುಖ್ಯವೆನ್ನುತ್ತಾನೆ. ಮೇಲೆ ಹೇಳಿದ ಚೀಟಿಯ ನ್ಯಾಯವೇ ಇಲ್ಲಿಯೂ ಸಲ್ಲುತ್ತದೆ.

ವೇಳೆಯನ್ನು ತಿಳಿಯುವುದೊಂದೇ ಉದ್ದೇಶವಾದರೆ ಕೀಲಿಯ ಗಡಿಯಾರವು ಅನಾವಶ್ಯಕವೆಂದು ಒಪ್ಪಲೇಬೇಕು. ಆದರೆ ಕೆಟ್ಟುಹೋದುದನ್ನು ಎಸೆಯದೆ, ಏಕೆ ಕೆಟ್ಟಿತೆಂದು ಕೇಳಿ, ಕಾರಣವನ್ನು ಕಣ್ಣಾರೆ ಕಂಡು, ಕೈಯಾರೆ ತಿದ್ದಬಹುದೆಂಬ ನಂಬಿಕೆಯನ್ನು ಕಲಿಸುವ ವಸ್ತುಗಳು ಮನೆಯಲ್ಲಿ ಈಗ ಎಷ್ಟು ಉಳಿದಿವೆ? ಈ ನಂಬಿಕೆಯು ಬರಿಯ ಗಡಿಯಾರಕ್ಕೆ ಸಂಬಂಧಿಸಿದುದಲ್ಲ. ಕೆಟ್ಟುದನ್ನು ತಿದ್ದಬಹುದೆಂದು ಬಲ್ಲವನು ಕೆಟ್ಟ ಮನುಷ್ಯನ ವಿಷಯದಲ್ಲಿಯೂ ಅಷ್ಟು ಬೇಗನೆ ಕೈಚೆಲ್ಲಲಾರನು.

ಕಡೆಯದಾಗಿ ಸಾಕ್ಷಿಯ ಮಾತು. ಕಾಣದ ಕೆಲಸಕ್ಕೆ ಅಂತರ್ಯಾಮಿಯೇ ಸಾಕ್ಷಿಯೆಂದು ಹಿರಿಯರು ಹೇಳುತ್ತಾರೆ. ಅದು ಆಸ್ತಿಕರಿಗೆ ಸಾಕು. ಅದನ್ನು ಒಪ್ಪದವನಿಗೂ ಈ ಕಸಬಿನಲ್ಲಿ ಒಬ್ಬ ಸಾಕ್ಷಿಯುಂಟು. ಹಳೆಯ ಗಡಿಯಾರದ ಮುಚ್ಚಳದ ಒಳಮೈಯನ್ನು ಭೂತಗನ್ನಡಿಯಿಂದ ನೋಡಿದರೆ, ಸೂಜಿಯ ಮೊನೆಯಿಂದ ಗೀರಿದ ಸಣ್ಣ ಅಂಕಿಗಳೂ ಅಕ್ಷರಗಳೂ ಅನೇಕ ವೇಳೆ ಕಾಣುತ್ತವೆ. ಹಿಂದೆ ಅದನ್ನು ಬಿಚ್ಚಿದವರು ತಾರೀಖನ್ನೂ ತಮ್ಮ ಗುರುತನ್ನೂ ಬರೆದುಹೋಗಿರುವುದು ಅದು. ಒಡೆಯನಿಗೆ ಆ ಬರೆಹವು ಕಾಣುವುದಿಲ್ಲ; ಮುಂದೆ ಎಂದಾದರೂ ಬಿಚ್ಚುವ ಇನ್ನೊಬ್ಬ ರಿಪೇರಿಯವನಿಗಾಗಿ ಅದು ಬರೆದುದು. ಅವನು ಇನ್ನೂ ಹುಟ್ಟದೆಯೇ ಇರಬಹುದು. ಆದರೂ ಅವನು ಒಂದು ದಿನ ಮುಚ್ಚಳವನ್ನು ತೆರೆದಾಗ, ಸವೆದ ರಂಧ್ರದ ಸುತ್ತಲಿನ ಉಳಿಯ ಗಾಯವನ್ನಾಗಲಿ ಅಂದವಾಗಿ ಕೂರಿಸಿದ ಬಳೆಯನ್ನಾಗಲಿ ಕಂಡು, ಗುರುತಿನವನನ್ನು ಅಳೆಯದೆ ಬಿಡನು.

ಯಾರೂ ಎಂದೂ ತೆರೆಯದ ಗಡಿಯಾರವಾದರೆ? ಆಗಲೂ ಅಚ್ಚುಗಳು ಸವೆಯುವುದು ಸವೆಯುತ್ತಲೇ ಇರುತ್ತದೆ. ನಷ್ಟವಾಗುವವನಿಗೆ ನಷ್ಟವು ಆಗಿಯೇ ಆಗುತ್ತದೆ. ಸಾಕ್ಷಿಯು ಧರ್ಮವನ್ನು ಹುಟ್ಟಿಸುವವನಲ್ಲ, ಇರುವ ಧರ್ಮವನ್ನು ಜ್ಞಾಪಿಸುವವನು. ಆದುದರಿಂದ ಮುಚ್ಚಳದೊಳಗಣ ಕೆಲಸವನ್ನು ಮುಚ್ಚಳವಿಲ್ಲವೆಂದೇ ಭಾವಿಸಿ ಮಾಡತಕ್ಕದ್ದು. ಶಿಕ್ಷಕನ ಪಾಠ, ಗುಮಾಸ್ತನ ಲೆಕ್ಕ, ತಾಯಿಯ ಅಡಿಗೆಮನೆ, ನ್ಯಾಯಾಧಿಪತಿಯ ಮನಸ್ಸು, ಇವುಗಳಿಗೆಲ್ಲ ಇಂತಹದೊಂದು ಮುಚ್ಚಳವುಂಟು. ಅದರೊಳಗೆ ಏನು ನಡೆಯುತ್ತಿದೆಯೆಂಬುದರ ಮೇಲೆ ಹೊರಗಿನ ಮುಳ್ಳುಗಳ ಸತ್ಯವು ನಿಂತಿದೆ.